ತಮ್ಮನ ಕೂಲಿ, ಅಣ್ಣನ ತೆರಿಗೆ

ತೆರಿಗೆ ಇಲಾಖೆಯಿಂದ ಕಾಗದ ಬಂದ ಬೆಳಿಗ್ಗೆ ಟರ್ನರ್ ಮೊದಲು ಒದ್ದದ್ದು ನೀರಿನ ಬಿಂದಿಗೆಯನ್ನು. ಅದು ಅಡುಗೆಮನೆಯ ಹೊಸ್ತಿಲು ಹಾರಿ, ಎದುರಿನ ಗೋಡೆಗೆ ಬಡಿದು, ಹೊಟ್ಟೆ ಸೊಟ್ಟ ಮಾಡಿಕೊಂಡು ಉರುಳಿತು. ನೀರು ಹರಿದು, ಮೂಲೆಯಲ್ಲಿ ಮಲಗಿದ್ದ ಅವನ ತಾಯಿಯ ಚಾಪೆಯಡಿ ಸೇರಿತು.

"ಏನಾಯ್ತೋ? ಯಾರು ಸತ್ರು?" ಮುದುಕಿ ಒದ್ದೆ ಹೊದಿಕೆ ಹಿಂಡುತ್ತ ಎದ್ದು ಕೂತಳು.

"ನಾನು ಸತ್ತೆ. ಅರವತ್ತೆರಡು ಸಾವಿರದ ನಾನೂರು! ಅದರ ಮೇಲೆ ಬಡ್ಡಿ ಬೇರೆ. ಎಲ್ಲಿ ನಿನ್ನ ಮೊಮ್ಮಗಳು?"

ಮಗಳು ಕಾಲೇಜಿಗೆ ಹೊರಡಲು ಜಡೆ ಹೆಣೆದುಕೊಳ್ಳುತ್ತಿದ್ದಳು. ಟರ್ನರ್ ಆ ಅರ್ಧ ಜಡೆಯನ್ನೇ ಹಿಡಿದು ಅವಳನ್ನು ನಡುಮನೆಗೆ ಎಳೆದು ತಂದು, ಕಾಗದವನ್ನು ಮುಖಕ್ಕೆ ಹಿಡಿದ.

"ನನ್ನ ರಿಟರ್ನ್ ತುಂಬಿದ್ದು ಯಾರು?"

"ನಾನೇ ಅಪ್ಪ."

"ಓದು ಹಾಗಾದ್ರೆ. ಗಟ್ಟಿಯಾಗಿ ಓದು."

ಅವಳು ಓದಿದಳು. ಸಂಬಳವಲ್ಲದೆ ಮೂರು ಲಕ್ಷದ ಹನ್ನೆರಡು ಸಾವಿರ ಬೇರೆ ಆದಾಯ ನಿಮ್ಮ ಖಾತೆಗೆ ಬಂದಿದೆ, ಅದನ್ನು ನೀವು ತೋರಿಸಿಲ್ಲ, ತೆರಿಗೆ ಕಟ್ಟಿ, ಇಲ್ಲವೇ ಅರವತ್ತು ದಿನದೊಳಗೆ ಕಾರಣ ಕೊಡಿ ಎಂದಿತ್ತು.

"ಇದು ಚಿಕ್ಕಪ್ಪನ ಕೂಲಿ ಅಲ್ವಾ ಅಪ್ಪ? ಕಂಟ್ರಾಕ್ಟರು ನಿಮ್ಮ ಅಕೌಂಟಿಗೆ ಹಾಕ್ತಿದ್ದದ್ದು."

"ಅದು ನಂಗೂ ಗೊತ್ತು. ತುಂಬೋವಾಗ ನೀನ್ಯಾಕೆ ಬರೀಲಿಲ್ಲ?"

"ಕೇಳಿದ್ನಲ್ಲ. ಬೇರೆ ಏನಾದ್ರೂ ಆದಾಯ ಇದ್ಯಾ ಅಂತ ಎರಡು ಸಲ ಕೇಳ್ದೆ. ಬಾಯ್ಮುಚ್ಕೊಂಡು ಬಟನ್ ಒತ್ತು ಅಂದ್ರಿ."

ಏಟು ಕೆನ್ನೆಗೆ ಬಿತ್ತು. ಎರಡನೆಯದು ಬೆನ್ನಿಗೆ. ಅವಳು ಗೋಡೆ ಹಿಡಿದು ನಿಂತಳು, ಅಳಲಿಲ್ಲ. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಟರ್ನರನ ಹೆಂಡತಿ ಬಾಗಿಲಲ್ಲಿ ಚೀಲ ಇಳಿಸಿ, ಹರಿದ ನೀರನ್ನೂ ಸೊಟ್ಟ ಬಿಂದಿಗೆಯನ್ನೂ ಮಗಳ ಕೆನ್ನೆಯನ್ನೂ ಅದೇ ಕ್ರಮದಲ್ಲಿ ನೋಡಿದಳು.

"ರೀ, ಬಿಡಿ. ಅವಳಿಗೆ ಬಸ್ಸಿಗೆ ಹೊತ್ತಾಯ್ತು," ಎಂದಳು. ಆ ಮನೆಯಲ್ಲಿ ಅವಳು ಇಷ್ಟಕ್ಕಿಂತ ಜಾಸ್ತಿ ಮಾತಾಡಿ ಹದಿನೈದು ವರ್ಷವಾಗಿತ್ತು. ಆಮೇಲೆ ಗೋಣಿಬಟ್ಟೆ ತಂದು ನೆಲ ಒರೆಸತೊಡಗಿದಳು. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಅಲ್ಲೂ ಒರೆಸುವುದು, ಹಿಂಡುವುದು. ಮನೆಯಲ್ಲೂ ಅದೇ.

ಟರ್ನರ್ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಉಕ್ಕು ಕಡೆಯುವ ಲೇತ್ ಯಂತ್ರ ನಡೆಸುವವನು. ಟರ್ನರ್ ಎಂಬ ಹೆಸರು ಅವನಿಗೆ ಅಂಟಿದ್ದು ಆ ಕೆಲಸದಿಂದಲೇ. ಉಕ್ಕಿನ ಸರಳನ್ನು ಬೆರಳಿಂದ ಸವರಿ, ಕೂದಲೆಳೆಯಷ್ಟು ದಪ್ಪ ಉಳಿದಿದೆ ಎಂದರೆ ಅಷ್ಟೇ ಉಳಿದಿರುತ್ತಿತ್ತು. ಆ ಕೈಗೆ ಅಲ್ಲಿ ಬಹಳ ಮರ್ಯಾದೆ. ಮನೆಯಲ್ಲಿ ಅದೇ ಕೈ ಮೇಲೆದ್ದರೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು.

ಅವನ ತಮ್ಮನನ್ನು ಎಲ್ಲರೂ ಕರೆಯುತ್ತಿದ್ದದ್ದು ದಿಮ್ಮಿ ಎಂದು. ಆರಡಿ ಎತ್ತರ, ಬಾಗಿಲಗಲ ಎದೆ, ಮಾತು ಕಡಿಮೆ. ಹಳೆಯ ಕಟ್ಟಡ ಕೆಡವುವ ಕಂಟ್ರಾಕ್ಟರನ ಹತ್ತಿರ ಗೋಡೆಯ ಮೇಲೆ ನಿಂತು ಸುತ್ತಿಗೆ ಬೀಸುವ ಕೆಲಸ. ಮದುವೆಯಾಗಿರಲಿಲ್ಲ. ಊಟ, ನಿದ್ದೆ ಎಲ್ಲ ಅಣ್ಣನ ಮನೆಯಲ್ಲೇ. ಕೆಲಸಕ್ಕೆ ಸೇರಿದಾಗ ಕಂಟ್ರಾಕ್ಟರ್ ಬ್ಯಾಂಕ್ ಖಾತೆ ಕೇಳಿದ್ದ. ದಿಮ್ಮಿ ಒಂದು ಖಾತೆ ಮಾಡಿಸಿಕೊಡು ಎಂದು ಅಣ್ಣನನ್ನು ಕೇಳಿದರೆ, "ನಂದು ಇದೆಯಲ್ಲ, ನಿಂಗ್ಯಾಕೆ ಬೇರೆ? ನಾನು ತಂದು ಕೊಡ್ತೀನಿ," ಎಂದಿದ್ದ. ಕೂಲಿ ಎಷ್ಟೆಂಬ ಮಾತನ್ನೂ ಕಂಟ್ರಾಕ್ಟರನೊಡನೆ ಅವನೇ ಆಡಿ ಮುಗಿಸಿದ್ದ. ದಿನಕ್ಕೆ ಒಂಬೈನೂರರಂತೆ ವಾರದ ಕೂಲಿ ಪ್ರತಿ ಶನಿವಾರ ದಿಮ್ಮಿಯ ಕೈಗೆ ಬರುತ್ತಿತ್ತು. ಅವನು ಅರ್ಧವನ್ನು ಅತ್ತಿಗೆಯ ಕೈಗಿಟ್ಟು ಉಳಿದದ್ದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಆ ಸಂಜೆ ದಿಮ್ಮಿ ತಲೆತುಂಬ ಸುಣ್ಣದ ಧೂಳಿನೊಂದಿಗೆ ಬಂದು, ಕೈಕಾಲು ತೊಳೆದು ಊಟಕ್ಕೆ ಕೂತ. ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ. ಮೊದಲ ತುತ್ತು ಬಾಯಿಗಿಡುವ ಮೊದಲೇ ಕಾಗದ ಅವನ ತಟ್ಟೆಯ ಪಕ್ಕ ಬಂದು ಬಿತ್ತು.

"ನಿನ್ನ ಕೂಲಿಯಿಂದ ನನ್ನ ಕತ್ತಿಗೆ ಬಂತು," ಎಂದ ಟರ್ನರ್. "ಕಟ್ಟೋನು ಯಾರು?"

"ನನ್ನ ಕೂಲಿ ಅಂದ್ಮೇಲೆ ನಾನೇ ಕಟ್ಬೇಕಲ್ಲ ಅಣ್ಣ."

"ಶನಿವಾರ ಶನಿವಾರ ಬರೋದರಲ್ಲಿ ಸಾವಿರ ಮಾತ್ರ ನಿಂಗೆ. ಉಳಿದದ್ದೆಲ್ಲ ಇದಕ್ಕೆ."

"ಆಯ್ತು."

"ಸಾವಿರದಲ್ಲಿ ಅವನು ಅನ್ನಕ್ಕೇನು ಕೊಡ್ತಾನೆ, ಅವನೇನು ಇಟ್ಕೊಳ್ತಾನೆ?" ಎಂದಳು ಮುದುಕಿ.

"ಅವನ ಕೂಳಿನ ವಿಚಾರ ಈಗ ಮಾತಾಡ್ಬೇಡ." ಟರ್ನರ್ ಲೋಟ ಎತ್ತಿ ನೆಲಕ್ಕೆ ಕುಕ್ಕಿದ. "ಈಗ ನನ್ನ ಸಂಬಳ ಪೂರ್ತಿ ಮೇಲಿನ ಸ್ಲ್ಯಾಬಿಗೆ ಹೋಯ್ತು. ಇಪ್ಪತ್ತೆರಡು ವರ್ಷ ದುಡಿದದ್ದಕ್ಕೆಲ್ಲ ಐದರಲ್ಲೊಂದು ಪಾಲು ಕಿತ್ಕೋತಾರೆ. ಇವನಿಂದ!"

ದಿಮ್ಮಿ ತಟ್ಟೆ ನೋಡುತ್ತ ಆಲೂಗಡ್ಡೆ ಹಿಸುಕಿದ. ಮಗಳು ಏನೋ ಹೇಳಲು ಬಾಯಿ ತೆರೆದಳು. ಅವಳ ತಾಯಿ ಕಣ್ಣಲ್ಲೇ ಬೇಡ ಎಂದಳು.

ಮರುದಿನ ಟರ್ನರ್ ವರ್ಕ್‌ಶಾಪಿನ ಸಂಬಳ ವಿಭಾಗಕ್ಕೆ ಹೋಗಿ ತಮ್ಮನ ಕೂಲಿಯ ವಿಷಯ ಹೇಳಿದ. ಅಲ್ಲಿನ ಗುಮಾಸ್ತ ಕನ್ನಡಕ ಹಣೆಗೇರಿಸಿ ಕಾಗದ ನೋಡಿ, ಮೆಲ್ಲಗೆ ನಕ್ಕ.

"ನಿಮ್ಮ ಸಂಬಳಕ್ಕೇನೂ ಆಗಲ್ಲ ಮಾರಾಯ್ರೆ. ಅದಕ್ಕೆ ಆಗೋ ತೆರಿಗೆ ನಾವು ಆಗ್ಲೇ ತಿಂಗ್ಳು ತಿಂಗ್ಳು ಹಿಡ್ಕೊಂಡಿದೀವಿ. ಈ ಮೇಲಿನ ಆದಾಯ ಸಂಬಳದ ನೆತ್ತಿ ಮೇಲೆ ಹೋಗಿ ಕೂರುತ್ತೆ. ನೆತ್ತಿಯ ದರ ಇದಕ್ಕೆ ಮಾತ್ರ. ಕೆಳಗಿಂದು ಹಾಗೇ ಇರುತ್ತೆ. ಎಲ್ಲರೂ ಇದನ್ನ ತಪ್ಪು ತಿಳ್ಕೊಂಡು ಓವರ್‌ಟೈಮ್ ಸಹ ಬೇಡ ಅಂತಾರೆ."

"ಹಾಗಾದ್ರೆ ಇದನ್ನೂ ನೀವೇ ತಿಂಗ್ಳು ತಿಂಗ್ಳು ಹಿಡ್ಕೋಬೇಕಿತ್ತು."

"ನೀವು ಹೇಳದೆ ನಮಗೆ ಹೇಗೆ ಗೊತ್ತಾಗ್ಬೇಕು? ವರ್ಷದ ಮೊದಲಲ್ಲಿ ಫಾರಂ ಕೊಟ್ಟಿದ್ದೆ. ಬೇರೆ ಆದಾಯ ಅನ್ನೋ ಕಡೆ ಇಲ್ಲ ಅಂತ ಬರೆದು ಸಹಿ ಹಾಕಿದೀರಿ. ನೋಡಿ." ಗುಮಾಸ್ತ ಫೈಲು ತೆಗೆದು ಬೆರಳಿಟ್ಟು ತೋರಿಸಿದ. "ತಮ್ಮನ ದುಡ್ಡಾದ್ರೆ ನಿಮ್ಮ ಖಾತೆಗ್ಯಾಕೆ ಬಂತು ಅಂತ ಇಲಾಖೆಯವರು ಕೇಳ್ತಾರೆ. ಅದಕ್ಕೇನು ಹೇಳ್ತೀರಿ?"

ಟರ್ನರ್ ಮೇಜಿನಾಚೆಯಿಂದ ಗುಮಾಸ್ತನ ಕೊರಳಪಟ್ಟಿ ಹಿಡಿದು ಎಳೆದ. ಶಾಯಿಯ ಬಾಟಲಿ ಉರುಳಿತು, ಕನ್ನಡಕ ಬಿದ್ದು ಚೂರಾಯಿತು. ನಾಲ್ಕು ಜನ ಬಂದು ಬಿಡಿಸಿದರು. ಮಧ್ಯಾಹ್ನದ ಹೊತ್ತಿಗೆ ಮೇಲಧಿಕಾರಿಯಿಂದ ಮೆಮೊ ಬಂತು. ಇನ್ನೊಮ್ಮೆ ಹೀಗಾದರೆ ಅಮಾನತು ಎಂದಿತ್ತು. ಟರ್ನರ್ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದು ಮನೆಯಲ್ಲಿ ತಾಯಿಯ ರೇಡಿಯೊ ಒಡೆದುಹಾಕಿದ. ಸದ್ದು ಜಾಸ್ತಿ ಇತ್ತಂತೆ.

ಹೀಗೆ ಮೂರು ವಾರ ಕಳೆಯಿತು. ಮನೆಯಲ್ಲಿ ಎಲ್ಲರೂ ಹೆಜ್ಜೆ ಸದ್ದಾಗದಂತೆ ಓಡಾಡಿದರು. ಮೊಟ್ಟೆ ನಿಂತಿತು. ಹಾಲು ಅರ್ಧವಾಯಿತು. ದಿಮ್ಮಿ ಭಾನುವಾರವೂ ಕೆಲಸಕ್ಕೆ ಹೋಗತೊಡಗಿದ. ಕೆಲಸದ ಜಾಗದಲ್ಲಿ ಊಟಕ್ಕೆ ಒಣ ಬ್ರೆಡ್ಡು ತಿನ್ನುತ್ತಾನೆಂದು ಯಾರೋ ಹೇಳಿದ ಮೇಲೆ ಅತ್ತಿಗೆ ಒಂದು ಡಬ್ಬಿ ಕಟ್ಟಿಕೊಟ್ಟಳು. ಟರ್ನರ್ ಅದನ್ನು ಕಂಡು, "ಸಾವಿರದಲ್ಲಿ ಅರ್ಧ ಕೊಡೋನಿಗೆ ಎರಡೂ ಹೊತ್ತು ಡಬ್ಬಿನಾ?" ಎಂದು ಡಬ್ಬಿಯನ್ನು ಕಿಟಕಿಯಿಂದ ಬೀದಿಗೆಸೆದ. ದಿಮ್ಮಿ ಇಳಿದು ಹೋಗಿ ಮುಚ್ಚಳ ಹುಡುಕಿ ತಂದು, ಎರಡನ್ನೂ ತೊಳೆದು ಅತ್ತಿಗೆಗೆ ಕೊಟ್ಟ. "ಸ್ವಲ್ಪ ನೆಗ್ಗಿದೆ ಅತ್ತಿಗೆ, ಮುಚ್ಕೊಳ್ಳುತ್ತೆ," ಎಂದ.

ಅಂಥದೇ ಒಂದು ಸಂಜೆ, ಟರ್ನರ್ ಎರಡನೇ ಪಾಳಿಯಲ್ಲಿದ್ದಾಗ, ಮುದುಕಿ ಮೊಮ್ಮಗಳನ್ನು ಕರೆದು ಕೂರಿಸಿದಳು.

"ಪುಟ್ಟಿ, ನಂಗೆ ಒಂದು ಬಿಡಿಸಿ ಹೇಳು. ಚಿಕ್ಕೋನು ದುಡಿದದ್ದು ಅಷ್ಟೇ ದುಡ್ಡು. ಅದಕ್ಕೆ ಅಷ್ಟೊಂದು ತೆರಿಗೆ ಹೇಗಾಗುತ್ತೆ?"

ಮಗಳು ಅಡುಗೆಮನೆಯಿಂದ ಮೂರು ಪಾತ್ರೆ ತಂದು ಸಾಲಾಗಿಟ್ಟಳು. ದಿಮ್ಮಿಯೂ ಬಂದು ಗೋಡೆಗೊರಗಿ ಕೂತ.

"ಮೊದಲನೇ ಪಾತ್ರೆ ತುಂಬೋವರೆಗೆ ಸರ್ಕಾರ ಮುಟ್ಟಲ್ಲ ಅಜ್ಜಿ. ಎರಡನೇದರಲ್ಲಿ ಬೀಳೋದ್ರಲ್ಲಿ ಹತ್ತು ಲೋಟಕ್ಕೆ ಒಂದು ಲೋಟ ಎತ್ಕೊಳ್ಳುತ್ತೆ. ಮೂರನೇದರಲ್ಲಿ ಹತ್ತಕ್ಕೆ ಎರಡು. ಈಗ ಇದು ಅಪ್ಪನ ಸಂಬಳ." ಅವಳು ಕೊಡದಿಂದ ನೀರು ಸುರಿದಳು. ಎರಡು ಪಾತ್ರೆ ತುಂಬಿ, ಮೂರನೆಯದರ ತಳ ಒದ್ದೆಯಾಯಿತು. "ಇದರ ಮೇಲೆ ಚಿಕ್ಕಪ್ಪನ ಕೂಲಿ ಸುರಿದ್ರೆ ಎಲ್ಲಿ ಬೀಳುತ್ತೆ?"

"ಜಾಗ ಇರೋದೇ ಮೂರನೇದರಲ್ಲಿ," ಎಂದಳು ಮುದುಕಿ.

"ಹಾಗಾಗಿ ಪೂರ್ತಿ ಕೂಲಿಗೆ ಹತ್ತಕ್ಕೆ ಎರಡು."

"ಇವನಿಗೇ ಬೇರೆ ಮೂರು ಪಾತ್ರೆ ಇಟ್ಟಿದ್ರೆ?"

"ಮೊದಲನೇದೂ ತುಂಬ್ತಿರಲಿಲ್ಲ ಅಜ್ಜಿ. ಒಂದು ಕಾಸೂ ಕಟ್ಬೇಕಿರಲಿಲ್ಲ."

ಮುದುಕಿ ಪಾತ್ರೆಗಳನ್ನೇ ನೋಡುತ್ತ ಕೂತಳು. ದಿಮ್ಮಿ, "ಅಣ್ಣನಿಗೆ ಇದು ಗೊತ್ತಿರಲಿಲ್ಲ ಅನ್ಸುತ್ತೆ," ಎಂದ.

"ಚಿಕ್ಕಪ್ಪ, ಕಳೆದ ವರ್ಷ ಎಷ್ಟು ದಿನ ಕೆಲಸ ಮಾಡಿದೆ?"

"ವಾರಕ್ಕೆ ಐದು ದಿನ. ಒಂದು ದಿನವೂ ತಪ್ಪಿಸಿಲ್ಲ."

"ದಿನಕ್ಕೆ ಒಂಬೈನೂರು."

"ಹ್ಞೂಂ."

ಅವಳು ಮನಸ್ಸಿನಲ್ಲೇ ಗುಣಿಸಿದಳು. ಎರಡು ಲಕ್ಷದ ಮೂವತ್ತನಾಲ್ಕು ಸಾವಿರ ಬಂತು. ಕಾಗದದಲ್ಲಿದ್ದದ್ದು ಮೂರು ಲಕ್ಷದ ಹನ್ನೆರಡು. ಇನ್ನೊಮ್ಮೆ ಗುಣಿಸಿದಳು. ಅಷ್ಟೇ ಬಂತು. ಪಾತ್ರೆಗಳ ನೀರನ್ನು ಮತ್ತೆ ಕೊಡಕ್ಕೆ ಸುರಿಯುವಾಗ ಅರ್ಧ ನೆಲಕ್ಕೆ ಬಿತ್ತು.

ಮರುದಿನ ಅವಳು ಕಾಲೇಜು ತಪ್ಪಿಸಿ ಚಿಕ್ಕಪ್ಪನ ಕೆಲಸದ ಜಾಗಕ್ಕೆ ಹೋದಳು. ಮೂರಂತಸ್ತಿನ ಹಳೆಯ ಗೋದಾಮು ಕೆಡವುತ್ತಿದ್ದರು. ಅಷ್ಟೆತ್ತರದ ಗೋಡೆಯ ಮೇಲೆ, ಎರಡು ಪಾದ ಇಡುವಷ್ಟೇ ಅಗಲದಲ್ಲಿ, ದಿಮ್ಮಿ ನಿಂತು ತನ್ನ ಕಾಲ ಬುಡದ ಇಟ್ಟಿಗೆಗಳನ್ನೇ ಒಡೆದು ಒಳಗೆ ಕೆಡವುತ್ತಿದ್ದ. ಪ್ರತಿ ಏಟಿಗೆ ಗೋಡೆ ಅದುರುವುದು ಕೆಳಗಿದ್ದವಳಿಗೂ ಅಂಗಾಲಲ್ಲಿ ತಿಳಿಯುತ್ತಿತ್ತು. ಅವಳು ನೋಡುತ್ತಿದ್ದಂತೆಯೇ ಮೇಲಿನ ಕಬ್ಬಿಣದ ತೊಲೆಯೊಂದು ಜಾರಿ, ಅವನ ಭುಜ ಸವರಿಕೊಂಡು ಹೋಯಿತು. ಅಂಗಿ ಹರಿದು ರಕ್ತ ಕಾಣಿಸಿತು. ದಿಮ್ಮಿ ಒಂದು ಗಳಿಗೆ ಗೋಡೆ ತಬ್ಬಿ ಕೂತು, ಮತ್ತೆ ಎದ್ದ.

ಲೆಕ್ಕ ಬರೆಯುವವನು ಶೀಟಿನ ಗುಡಿಸಲಲ್ಲಿ ಟೀ ಕುಡಿಯುತ್ತಿದ್ದ.

"ಮೇಲೆ ನಿಲ್ಲೋರಿಗೆ ಸಾವಿರದಿನ್ನೂರಮ್ಮ," ಎಂದ. "ಕೆಳಗಿನವರಿಗೆ ಒಂಬೈನೂರು. ಜೀವ ಕೈಲಿ ಹಿಡ್ಕೊಂಡು ನಿಲ್ಬೇಕಲ್ಲ, ಅದಕ್ಕೆ ಮುನ್ನೂರು ಜಾಸ್ತಿ."

ಅವಳು ಈ ಮಾತನ್ನು ಮೊದಲು ಹೇಳಿದ್ದು ತಾಯಿಗೆ. ಬಟ್ಟೆ ಒಗೆಯುವ ವಿಭಾಗದ ಹಿಂದೆ, ಹಬೆಯ ನಡುವೆ ನಿಂತು ಹೇಳಿದಳು. ತಾಯಿ ಒಂದು ರಕ್ತದ ಹಾಸಿಗೆಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಡಿದಿದ್ದವಳು ಅದನ್ನು ಬಿಡಲಿಲ್ಲ.

"ವರ್ಷಕ್ಕೆ ಎಪ್ಪತ್ತೆಂಟು ಸಾವಿರ ಅಮ್ಮ. ಅಪ್ಪ ಇಟ್ಕೊಂಡು, ಅದರ ತೆರಿಗೆನೂ ಚಿಕ್ಕಪ್ಪನ ಹತ್ರಾನೇ ಕೀಳ್ತಿದಾರೆ."

"ಬಾಯಿ ಬಿಡ್ಬೇಡ."

"ಎಷ್ಟು ದಿನ ಅಮ್ಮ?"

"ನಾನು ಹೇಳೋವರೆಗೆ."

ತಾಯಿ ಹೇಳುವವರೆಗೆ ಕಾಯಲು ಅವಳಿಂದ ಆಗಲಿಲ್ಲ. ಆ ಭಾನುವಾರ ಮಧ್ಯಾಹ್ನ, ಕಬ್ಬಿಣದ ಬಾಗಿಲು ಗಾಳಿಗೆ ಬಡಿಯದಂತೆ ಕಲ್ಲು ಆನಿಸಿ, ಎಲ್ಲರೂ ಊಟಕ್ಕೆ ಕೂತಿದ್ದರು. ಭುಜದ ಗಾಯಕ್ಕೆ ಕೀವು ತುಂಬಿದ್ದರಿಂದ ದಿಮ್ಮಿ ಕೆಲಸಕ್ಕೆ ಹೋಗಿರಲಿಲ್ಲ. ಎಡಗೈಲಿ ಊಟ ಮಾಡುತ್ತಿದ್ದ.

"ಮೂರು ದಿನ ಆಯ್ತು ಮನೇಲಿ ಕೂತು," ಎಂದ ಟರ್ನರ್. "ಈ ಶನಿವಾರ ಸಾವಿರವೂ ಇಲ್ಲ ನಿಂಗೆ."

"ಸರಿ ಅಣ್ಣ."

"ಸರಿ ಅಂದ್ರೆ ಆಯ್ತಾ? ಇಲಾಖೆಯವರಿಗೆ ನಿನ್ನ ಭುಜ ತೋರಿಸ್ಲಾ?"

"ತೋರಿಸಿ," ಎಂದಳು ಮಗಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಆ ಭುಜಕ್ಕೆ ದಿನಕ್ಕೆ ಸಾವಿರದಿನ್ನೂರು. ಒಂಬೈನೂರಲ್ಲ. ನಾನು ಹೋಗಿ ಕೇಳ್ಕೊಂಡು ಬಂದೆ."

ದಿಮ್ಮಿ ಮೆಲ್ಲಗೆ ಅಣ್ಣನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವನ ಗೊಂದಲ ಮಾತ್ರ ಇತ್ತು.

"ಹೌದಾ ಅಣ್ಣ?"

"ಹೌದು ಕಣೋ!" ಟರ್ನರ್ ತಟ್ಟೆ ತಳ್ಳಿದ. ಬೇಳೆ ನೆಲಕ್ಕೆ ಚೆಲ್ಲಿತು. "ಎಲ್ಲಿಗೆ ಹೋಯ್ತು ಕೇಳು. ಇವಳ ಕಾಲೇಜು ಫೀಸಿಗೆ ಹೋಯ್ತು. ಲೆಕ್ಕ ಕಲಿತು ನನ್ನ ಲೆಕ್ಕ ತೆಗೀತಾಳೆ. ಯಾರ ಅನ್ನ ತಿಂದು ಯಾರ ಮೇಲೆ ಕೂಗ್ತೀಯೇ?"

"ಕೇಳಿದ್ರೆ ಕೊಡ್ತಿದ್ನಲ್ಲ ಅಣ್ಣ," ಎಂದ ದಿಮ್ಮಿ. "ಪುಟ್ಟಿ ಫೀಸಿಗೆ ಅಂದ್ರೆ ಪೂರ್ತಿ ಕೊಡ್ತಿದ್ದೆ."

ಆ ಮಾತು ಟರ್ನರನಿಗೆ ಬೈಗುಳಕ್ಕಿಂತ ಜಾಸ್ತಿ ನಾಟಿತು. ತಮ್ಮನ ಮೇಲೆ ಹೋಗಬೇಕಿದ್ದ ಕೈ ಮಗಳ ಮೇಲೆ ಹೋಯಿತು. ಅಂಗೈ ಅಗಲವಾಗಿ ತೆರೆದು, ಪೂರ್ತಿ ಬೀಸಿ, ಎಡಗಿವಿಯ ಮೇಲೆ ಹೊಡೆದ. ಅವಳು ಕೂತಲ್ಲಿಂದ ಪಕ್ಕಕ್ಕೆ ಉರುಳಿ, ಅನ್ನದ ಪಾತ್ರೆಗೆ ತಲೆ ತಾಗಿ ಬಿದ್ದಳು. ಕಿವಿಯಿಂದ ಸಣ್ಣದಾಗಿ ರಕ್ತ ಇಳಿಯಿತು. ಟರ್ನರ್ ಎದ್ದು ಕಾಲೆತ್ತಿ ಅವಳ ಬೆನ್ನಿಗೆ ಒದ್ದ. ಮತ್ತೆ ಒದ್ದ. "ಲೆಕ್ಕ! ಲೆಕ್ಕ ಕೇಳ್ತೀಯಾ?"

ಹೆಂಡತಿ ಮಗಳ ಮೇಲೆ ಕವಿದು ಬಿದ್ದಳು. ಮೂರನೇ ಒದೆ ಅವಳ ಪಕ್ಕೆಗೆ ಬಿತ್ತು.

ದಿಮ್ಮಿ ಎದ್ದು ಅಣ್ಣನನ್ನು ಹಿಂದಿನಿಂದ ಹಿಡಿದ. "ಸಾಕು ಅಣ್ಣ. ಕಿವೀಲಿ ರಕ್ತ ಬರ್ತಿದೆ, ಸಾಕು." ಟರ್ನರ್ ಬಿಡಿಸಿಕೊಂಡು, ಒಲೆಯ ಮೇಲಿದ್ದ ಕಾವಲಿ ಎತ್ತಿ ತಮ್ಮನ ಕೀವು ತುಂಬಿದ ಭುಜಕ್ಕೇ ಗುರಿಯಿಟ್ಟು ಹೊಡೆದ. ಗಾಯ ಒಡೆಯಿತು. ದಿಮ್ಮಿ ಮೊಣಕಾಲೂರಿದ. ಆಗ ಟರ್ನರ್ ಇನ್ನೊಂದು ಏಟು ತಲೆಗೆ ಹಾಕಿದ.

ಮೂವತ್ತೆಂಟು ವರ್ಷದಲ್ಲಿ ದಿಮ್ಮಿ ಯಾರ ಮೇಲೂ ಕೈ ಎತ್ತಿದವನಲ್ಲ. ಚಿಕ್ಕಂದಿನಲ್ಲಿ ಅಣ್ಣ ಹೊಡೆದರೆ ನಿಂತು ಹೊಡೆಸಿಕೊಂಡು, ಆಮೇಲೆ ಹೋಗಿ ಅಣ್ಣನ ಪಕ್ಕದಲ್ಲೇ ಮಲಗುತ್ತಿದ್ದ. ಈಗ ಅವನು ಎದ್ದ. ಹಣೆಯಿಂದ ಇಳಿದ ರಕ್ತ ಕಣ್ಣಿಗೆ ಬರುತ್ತಿತ್ತು. ಮೊದಲ ಗುದ್ದಿಗೆ ಟರ್ನರನ ಮೂಗು ಮುರಿಯಿತು. ಎರಡನೆಯದಕ್ಕೆ ಅವನು ಹಿಂದಕ್ಕೆ ಹೋಗಿ ಬಾಗಿಲಿಗೆ ಬಡಿದ. ದಿಮ್ಮಿ ಬಿಡಲಿಲ್ಲ. ಹೊಟ್ಟೆಗೆ, ಎದೆಗೆ, ಮುಖಕ್ಕೆ, ಗೋಡೆ ಕೆಡವುವವನು ಎಣಿಸದೆ ಹೊಡೆಯುವಂತೆ ಹೊಡೆದ. ಮುದುಕಿ ಅವನ ಕಾಲು ಹಿಡಿದು ಎಳೆಯುತ್ತ ಕಿರುಚುತ್ತಿದ್ದಳು. ಟರ್ನರ್ ಬೀಳದಿರಲು ಬಾಗಿಲ ಚೌಕಟ್ಟನ್ನು ಬಲಗೈಲಿ ಹಿಡಿದುಕೊಂಡ. ದಿಮ್ಮಿ ಆ ಕೈಯನ್ನು ಒಂದು ಕ್ಷಣ ನೋಡಿದ. ಆಮೇಲೆ ಬಾಗಿಲಿಗಾನಿಸಿದ್ದ ಕಲ್ಲನ್ನು ಕಾಲಲ್ಲಿ ಸರಿಸಿ, ಕಬ್ಬಿಣದ ಬಾಗಿಲನ್ನು ತನ್ನ ಮೈಭಾರವನ್ನೆಲ್ಲ ಹಾಕಿ ಮುಚ್ಚಿದ.

ಆ ಸದ್ದಿಗೆ ಬೀದಿಯವರು ಓಡಿ ಬಂದರು. ಪೊಲೀಸರಿಗೆ ಫೋನು ಮಾಡಿದವರು ಎದುರುಮನೆಯವರು.

ಎಲ್ಲರನ್ನೂ ಕರೆದೊಯ್ದದ್ದು ಟರ್ನರನ ಹೆಂಡತಿ ಕೆಲಸ ಮಾಡುವ ಆಸ್ಪತ್ರೆಗೇ. ಟರ್ನರನ ಮೂರು ಬೆರಳಿನ ಮೂಳೆ ಪುಡಿಯಾಗಿತ್ತು. ಒಳಗೆ ಆಪರೇಷನ್ ನಡೆದಿತ್ತು. ಮಗಳ ಎಡಗಿವಿಯ ತಮಟೆ ಹರಿದಿತ್ತು. ಕೇಳಿಸುವುದು ಮರಳಿ ಬರುವುದು ಅನುಮಾನ ಎಂದರು. ದಿಮ್ಮಿಯ ತಲೆಗೆ ಹೊಲಿಗೆ ಹಾಕಿ, ಕೈಗೆ ಬೇಡಿ ತೊಡಿಸಿ ಬೆಂಚಿನ ಮೇಲೆ ಕೂರಿಸಿದ್ದರು. ಅವನು ತನ್ನ ಬರಿಗಾಲು ನೋಡುತ್ತ ಕೂತಿದ್ದ.

ಪೊಲೀಸಿನವನು ಪುಸ್ತಕ ಹಿಡಿದು ಬರುತ್ತಿರುವುದನ್ನು ಕಂಡು ಮುದುಕಿ ಸೊಸೆಯ ಕೈ ಹಿಡಿದಳು.

"ನೋಡು, ಮೆಟ್ಟಿಲಲ್ಲಿ ಬಿದ್ದ ಅಂತ ಹೇಳು. ಗಾಳಿಗೆ ಬಾಗಿಲು ಬಡೀತು ಅಂತ ಹೇಳು. ಪುಟ್ಟಿ ಬಚ್ಚಲಲ್ಲಿ ಜಾರಿದ್ಲು. ಇಬ್ರೂ ನನ್ನ ಮಕ್ಕಳು ಕಣೇ. ಒಬ್ಬನ ನೌಕರಿ ಹೋಗುತ್ತೆ, ಒಬ್ಬ ಜೈಲಿಗೆ ಹೋಗ್ತಾನೆ. ನೀನು ಒಂದು ಮಾತು ಹೇಳಿದ್ರೆ ಇಬ್ರೂ ಉಳೀತಾರೆ."

"ಬಚ್ಚಲಲ್ಲಿ ಜಾರಿದ್ದು," ಎಂದಳು ಸೊಸೆ.

"ಹ್ಞಾ, ಹಾಗೇ ಹೇಳು."

"ಈ ಆಸ್ಪತ್ರೇಲಿ ನಾನು ನಾಲ್ಕು ಸಲ ಅದನ್ನೇ ಹೇಳಿದೀನಿ ಅತ್ತೆ. ನನ್ನ ಕೈ ಮುರಿದಾಗ ಹೇಳಿದ್ದೆ. ಎರಡನೇ ಮಗು ಹೊಟ್ಟೇಲೇ ಹೋದಾಗಲೂ ಹೇಳಿದ್ದೆ. ಇಲ್ಲಿನವರಿಗೆ ನಮ್ಮ ಬಚ್ಚಲು ಎಷ್ಟು ಜಾರುತ್ತೆ ಅಂತ ಗೊತ್ತು."

ಮುದುಕಿ ಕೈ ಬಿಟ್ಟಳು.

"ಏನಮ್ಮ ನಡೀತು?" ಎಂದ ಪೊಲೀಸಿನವನು. "ಈ ದಾಂಡಿಗ ನಿಮ್ಮ ಯಜಮಾನರಿಗೆ ಹೊಡೆದನಂತೆ?"

"ಹೊಡೆದ. ಅದನ್ನ ಆಮೇಲೆ ಬರೀರಿ. ನನ್ನ ಗಂಡ ನನ್ನ ಮಗಳ ಕಿವಿಗೆ ಹೊಡೆದ್ರು. ಬಿದ್ದವಳನ್ನ ಒದ್ರು. ಬಿಡಿಸೋಕೆ ಬಂದ ತಮ್ಮನ ಗಾಯಕ್ಕೆ ಕಾವಲೀಲಿ ಹೊಡೆದ್ರು. ಇಷ್ಟಾದ ಮೇಲೆ ಇವನು ಅವರಿಗೆ ಹೊಡೆದ, ಬೇಕಂತಲೇ ಬಾಗಿಲು ಹಾಕ್ದ. ಎರಡೂ ನಿಜ. ಮೊದಲು ಆಗಿದ್ದನ್ನ ಮೊದಲು ಬರೀರಿ."

ದಿಮ್ಮಿ ತಲೆಯೆತ್ತಿ, "ಹೌದು ಸಾರ್, ಬೇಕಂತಲೇ ಹಾಕ್ದೆ," ಎಂದ.

ದಿಮ್ಮಿ ಹನ್ನೊಂದು ದಿನ ಒಳಗಿದ್ದ. ಕಂಟ್ರಾಕ್ಟರ್ ಬಂದು ಜಾಮೀನು ಕೊಟ್ಟ. ಗೋಡೆಯ ಮೇಲೆ ನಿಲ್ಲುವವರು ಅವನಿಗೆ ಬೇರೆ ಸಿಕ್ಕಿರಲಿಲ್ಲ. ಟರ್ನರನ ಮೇಲೂ ಕೇಸು ಬಿತ್ತು. ವರ್ಕ್‌ಶಾಪಿನವರು ಅಮಾನತು ಮಾಡಿ ಅರ್ಧ ಸಂಬಳಕ್ಕಿಳಿಸಿದರು. ಅವನ ಲೇತಿಗೆ ಇನ್ನೊಬ್ಬನನ್ನು ಹಾಕಿದರು. ಹೆಂಡತಿ ಮಗಳನ್ನು ಕರೆದುಕೊಂಡು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಒಂದು ಕಿಟಕಿ, ಒಂದು ಒಲೆ, ಸ್ನಾನಕ್ಕೆ ನಾಲ್ಕು ಮನೆಗೆ ಸೇರಿ ಒಂದು ಬಚ್ಚಲು. ಮೊದಲ ವಾರ ಇಬ್ಬರೂ ಹೊರಗೆ ಯಾರಾದರೂ ಗಟ್ಟಿಯಾಗಿ ಕೆಮ್ಮಿದರೂ ಎದ್ದು ಕೂರುತ್ತಿದ್ದರು. ಎರಡನೇ ವಾರ ಮಗಳು ಒಂದು ಲೋಟ ಕೈಜಾರಿ ಬೀಳಿಸಿ ಹೆದರಿ ನಿಂತಳು. ತಾಯಿ ಅದನ್ನು ಎತ್ತಿಟ್ಟು, "ಬಿದ್ರೆ ಬೀಳ್ಲಿ ಬಿಡು," ಎಂದಳು. ಮುದುಕಿ ಹಳೆಯ ಮನೆಯಲ್ಲೇ ಉಳಿದು ದೊಡ್ಡ ಮಗನಿಗೆ ಚಮಚದಲ್ಲಿ ಅನ್ನ ತಿನ್ನಿಸುತ್ತಿದ್ದಳು.

ಇಲಾಖೆಯ ಗಡುವಿಗೆ ಒಂಬತ್ತು ದಿನ ಉಳಿದಿದ್ದಾಗ ಮಗಳೂ ದಿಮ್ಮಿಯೂ ತೆರಿಗೆ ಕಚೇರಿಗೆ ಹೋದರು. ಕಿಟಕಿಯಾಚೆಯ ಅಧಿಕಾರಿ ನಡುವಯಸ್ಸಿನ ಹೆಂಗಸು. ಮಗಳ ಕಿವಿಯ ಹತ್ತಿ, ದಿಮ್ಮಿಯ ತಲೆಯ ಹೊಲಿಗೆಯ ಗುರುತು ನೋಡಿ, ಏನೂ ಕೇಳದೆ ಕಾಗದ ತೆಗೆದುಕೊಂಡಳು.

"ದುಡಿದವನದು ಆದಾಯ. ಯಾರ ಖಾತೆಗೆ ಬಂತು ಅನ್ನೋದಷ್ಟೇ ಮುಖ್ಯ ಅಲ್ಲ," ಎಂದಳು. "ಕಂಟ್ರಾಕ್ಟರ್ ತನ್ನ ಪಟ್ಟಿ ತಿದ್ದಿ ಕೊಡ್ಲಿ. ನಿಮ್ಮ ತಂದೆ ಒಂದು ಹೇಳಿಕೆ ಕೊಡ್ಲಿ, ಇಷ್ಟು ತಮ್ಮನಿಗೆ ಕೊಟ್ಟೆ, ಇಷ್ಟು ನನ್ನ ಹತ್ರ ಉಳೀತು ಅಂತ. ಉಳಿದದ್ದಕ್ಕೆ ಮಾತ್ರ ಅವರು ತೆರಿಗೆ ಕಟ್ತಾರೆ. ಇವರು ಅದರ ಕೆಳಗೆ ಸಹಿ ಹಾಕ್ಬೇಕು."

"ನಿಜ ಬರೆದ್ರೆ ಹಾಕ್ತೀನಿ," ಎಂದ ದಿಮ್ಮಿ.

ಮಾರನೆಯ ಬೆಳಿಗ್ಗೆ ಇಬ್ಬರೂ ಹಳೆಯ ಮನೆಗೆ ಹೋದರು. ಅಣ್ಣನ ಹತ್ತಿರ ಸುಳಿಯಕೂಡದೆಂದು ದಿಮ್ಮಿಗೆ ಜಾಮೀನಿನ ಷರತ್ತಿತ್ತು. ಆದರೂ ಅವಳೊಬ್ಬಳನ್ನೇ ಕಳಿಸಲು ಒಪ್ಪದೆ ಬಂದು, ಬಾಗಿಲಾಚೆಯೇ ನಿಂತ. ಮುದುಕಿ ಮೊಮ್ಮಗಳ ತಲೆ ಸವರಿ ಒಳಗೆ ಕರೆದಳು. ಟರ್ನರ್ ಮೇಜಿನ ಹತ್ತಿರ ಕೂತಿದ್ದ. ಮುಖ ಇಳಿದಿತ್ತು. ಬಲಗೈ ಬ್ಯಾಂಡೇಜಿನಲ್ಲಿ ಗೋಣಿಮೂಟೆಯಂತಿತ್ತು. ಮಗಳು ಎದುರಿಗೆ ಕೂರದೆ, ಬೆಳಕಿಗಾಗಿ ಕಿಟಕಿಯ ಕಡೆಯ ಸ್ಟೂಲಿನಲ್ಲಿ ಕೂತು ಫಾರಂ ಬಿಡಿಸಿದಳು.

ಅವನು ಏನೋ ಹೇಳಿದ. ಅವಳು ತಲೆಯೆತ್ತಲಿಲ್ಲ. ಅವನು ಮತ್ತೆ ಹೇಳಿದ.

"ಆ ಕಿವಿ ಕೇಳಲ್ಲ," ಎಂದಳು ಅವಳು, ಅವನ ತುಟಿಯಲುಗಿದ್ದನ್ನು ಕಂಡು. "ಈ ಕಡೆ ಬಂದು ಹೇಳಿ."

ಮೇಜಿಗೂ ಗೋಡೆಗೂ ನಡುವೆ ಜಾಗ ಕಡಿಮೆ. ಟರ್ನರ್ ಎದ್ದು, ಬ್ಯಾಂಡೇಜು ತಾಗದಂತೆ ಕೈ ಮೇಲೆತ್ತಿಕೊಂಡು, ಅಡ್ಡಡ್ಡ ನಡೆದು ಅವಳ ಬಲಕ್ಕೆ ಬಂದು ನಿಂತ.

"ಎಲ್ಲಾ ಅವನಿಗೇ ಕೊಟ್ಟೆ ಅಂತ ಬರಿ," ಎಂದ. "ನಂಗೆ ಅರ್ಧ ಸಂಬಳ. ಎಲ್ಲಿಂದ ಕಟ್ಲಿ?"

ಅವಳು ಪೆನ್ನಿಗೆ ಮುಚ್ಚಳ ಹಾಕಿ, ಫಾರಂ ಮಡಚತೊಡಗಿದಳು.

"ಇರು." ಟರ್ನರ್ ಬಾಗಿಲ ಕಡೆ ನೋಡಿದ. ತಮ್ಮ ಅಲ್ಲಿಂದ ಅವನನ್ನೇ ನೋಡುತ್ತಿದ್ದ. "ಎಪ್ಪತ್ತೆಂಟು ಸಾವಿರ."

"ಏನು ಎಪ್ಪತ್ತೆಂಟು ಸಾವಿರ?"

"ನಾನು ಇಟ್ಕೊಂಡಿದ್ದು."

ಅವಳು ಬರೆದಳು. "ಅದಕ್ಕೆ ಹದಿನೈದು ಸಾವಿರದ ಆರುನೂರು ತೆರಿಗೆ, ಮೇಲೆ ಬಡ್ಡಿ. ಕಂತಲ್ಲಿ ಕಟ್ಬಹುದು. ಇಲ್ಲಿ ಸಹಿ." ಅವನು ಎಡಗೈಲಿ ಪೆನ್ನು ಹಿಡಿದು, ಗೀಚಿದಂತೆ ಹೆಸರು ಬರೆದ. ಅವಳು ಫಾರಂ ಬಾಗಿಲಿಗೆ ಒಯ್ದಳು. ದಿಮ್ಮಿ ಅದನ್ನು ಓದಿಸಿಕೊಂಡು, ಗೋಡೆಗಾನಿಸಿ ಸಹಿ ಹಾಕಿದ. ಅವರಿಬ್ಬರೂ ಸೇರಿ ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಟರ್ನರ್ ಹಿಂದಿನಿಂದ ಬಂದು ಅವಳ ಎಡಭುಜದ ಹತ್ತಿರ ನಿಂತ.

"ತುಂಬ ನೋವಿದ್ಯಾ ಪುಟ್ಟಿ?" ಎಂದ. ಅವನ ಅಷ್ಟು ಮೆಲ್ಲನೆಯ ದನಿಯನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅವಳು ಚೀಲದ ಜಿಪ್ಪು ಎಳೆದು, ಮೆಟ್ಟಿಲಿಳಿಯತೊಡಗಿದಳು.

ದಿಮ್ಮಿಗೆ ಅದು ಕೇಳಿಸಿತ್ತು. ಅವನು ಒಂದು ಗಳಿಗೆ ಅಣ್ಣನ ಮುಖ ನೋಡಿದ. ಆಮೇಲೆ ಅವಳ ಹಿಂದೆಯೇ ಇಳಿದು ಹೋದ. ಬಸ್ ನಿಲ್ದಾಣದವರೆಗೂ ಅವಳ ಬಲಕ್ಕೇ ನಡೆದ, ಅಣ್ಣ ಕೇಳಿದ್ದನ್ನು ಮಾತ್ರ ಹೇಳಲಿಲ್ಲ.